ಹಳೆಯ ಬೆಳಕುಮಾಪಕವನ್ನು ಬಳಸುವ ಬಗೆ



ಹಳೆಯ ಸಾಮಾನಿನ ಅಂಗಡಿಗಳಲ್ಲಿ ವೆಸ್ಟನ್ ಬೆಳಕುಮಾಪಕ ಇಂದಿಗೂ ಸಿಗುವುದುಂಟು. 1932ರಲ್ಲಿ ಆರಂಭವಾದ ಈ ಬಗೆಗೆ ಬ್ಯಾಟರಿ ಬೇಡ. ಸೆಲೆನಿಯಮ್ ಪದರದ ಮೇಲೆ ಬೆಳಕು ಬಿದ್ದೊಡನೆ ವಿದ್ಯುತ್ ಹುಟ್ಟಿ ಮುಳ್ಳು ಸರಿಯುತ್ತದೆ.

ಆದರೆ ಎದುರಿಗಿರುವುದು ಬಿಳಿಯೋ ಕಪ್ಪೋ ಮುಳ್ಳಿಗೆ ತಿಳಿಯದು. ಎಲ್ಲವೂ ನಡುವಣ ಬೂದುಬಣ್ಣವೆಂದೇ ಅದರ ಲೆಕ್ಕ. ಸುಣ್ಣ ಬಳಿದ ಗೋಡೆಯ ಮುಂದೆ ತಾಯಿಯನ್ನು ನಿಲ್ಲಿಸಿ ದೂರದಿಂದ ಅಳೆದರೆ ಗೋಡೆ ಬೂದಾಗುತ್ತದೆ, ತಾಯಿಯ ಮುಖ ಕಪ್ಪಾಗುತ್ತದೆ. ಪರಸ್ಥಳದಲ್ಲಿ ದುಡಿದು ವರ್ಷಕ್ಕೊಮ್ಮೆ ಊರಿಗೆ ಹೋಗುವ ನಮಗೆ ಆ ಚಿತ್ರ ಮತ್ತೆ ಸಿಕ್ಕೀತೆಂಬ ಭರವಸೆಯೇನು?

ಆದುದರಿಂದ ಮುಖಕ್ಕೆ ಬೀಳುವ ಬೆಳಕಿನಲ್ಲೇ ನಮ್ಮ ಅಂಗೈ ಹಿಡಿದು, ಮಾಪಕದ ನೆರಳು ಬೀಳದಂತೆ, ಹತ್ತಿರದಿಂದ ಅಳೆಯೋಣ. ಅಂಗೈ ಬೂದಿಗಿಂತ ಬಿಳುಪು. ಆ ಕಾರಣ ಲೆನ್ಸಿನ ಕಿಂಡಿಯನ್ನು ಒಂದು ಸ್ಟಾಪಿನಷ್ಟು ಹಿಗ್ಗಿಸಬೇಕು. ಮಾಪಕ ಎಫ್/11 ಎಂದರೆ ನಾವು ಎಫ್/8 ಇಡತಕ್ಕದ್ದು.

ಸೆಲೆನಿಯಮ್ ಮುದಿಯಾದರೆ ಮುಳ್ಳು ಸೋಲುತ್ತದೆ. ಮೋಡವಿಲ್ಲದ ನಡುಹಗಲಿನಲ್ಲಿ, 100 ವೇಗದ ಫಿಲ್ಮಿಗೆ, ಈ ಅಂಗೈ ಲೆಕ್ಕ ಎಫ್/16, ಸೆಕೆಂಡಿನ 1/100 ಭಾಗದ ಸುಮಾರಿಗೆ ಬರಬೇಕು. ವೆಸ್ಟನ್ ಅಂಕಿಗಳೇ ಇರುವ ಹಳೆಯ ಮಾದರಿಯಾದರೆ 100ರ ಬದಲು 80 ಇಡಬೇಕು. ಕೊಳ್ಳುವ ಮುನ್ನ ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಂತು ಇಷ್ಟನ್ನು ಪರೀಕ್ಷಿಸಿಕೊಳ್ಳೋಣ.