ಬಟ್ಟೆ ತೆಗೆದಿಡುವ ಸಾರ್ಜೆಂಟನ ಆರು ಮಕ್ಕಳು

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣ)



ವಿದೇಶಾಂಗ ನೀತಿ ಅಂದ್ರೆ ಸೂಟು ಹಾಕಿದವರ ಮಾತು, ನಮಗ್ಯಾಕೆ ಅಂತ ಹಾಸ್ಟೆಲಿನಲ್ಲಿ ಪೇಪರಿನ ಆ ಪುಟ ಮಡಚಿಡ್ತೀವಿ. ಒಂದು ಫೋನಿನ ಮಾತುಕತೆ ಹೇಳ್ತೀನಿ, ಕೇಳಿ.

1964ರ ಮೇ 27. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ತನ್ನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿಯ ಜೊತೆ ವಿಯಟ್ನಾಂ ಬಗ್ಗೆ ಮಾತಾಡ್ತಾನೆ. ಫೋನಿಗೆ ಗುಟ್ಟಾಗಿ ಟೇಪು ಹಾಕಿಸಿದ್ದ. 1990ರ ದಶಕದಲ್ಲಿ ಅದು ಹೊರಬಂತು. ಈ ಯುದ್ಧ ಹೋರಾಡೋಕೆ ಯೋಗ್ಯವಲ್ಲ, ಬಿಟ್ಟು ಬರೋಕೂ ಆಗಲ್ಲ ಅಂತ ಅಧ್ಯಕ್ಷನೇ ಹೇಳ್ತಾನೆ. ಆಮೇಲೆ ಮಾತು ತನ್ನ ಕೆಲಸದ ಸಾರ್ಜೆಂಟನ ಕಡೆ ಹೊರಳುತ್ತೆ. ಬಟ್ಟೆ ತೆಗೆದಿಡುವವನು, ರಾತ್ರಿ ಓದುವ ಕಾಗದ ತಂದುಕೊಡುವವನು. ಬೆಳಿಗ್ಗೆ ಅವನನ್ನು ನೋಡಿದೆ, ಆರು ಮಕ್ಕಳು ಅವನಿಗೆ, ಆ ಮಕ್ಕಳನ್ನ ಯಾತಕ್ಕೆ ಅಲ್ಲಿಗೆ ಕಳಿಸಲಿ ಅಂತ ಕೇಳ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ. ಈತ ಬಡತನ ಕಾಣದವನಲ್ಲ. 1928ರಲ್ಲಿ ಟೆಕ್ಸಾಸಿನ ಕೊಟುಲಾದಲ್ಲಿ ಮೆಕ್ಸಿಕನ್ ಬಡವರ ಮಕ್ಕಳಿಗೆ ಮೇಷ್ಟ್ರಾಗಿದ್ದವನು. ಅದೇ ಮೇ ತಿಂಗಳಲ್ಲಿ ನಾಗರಿಕ ಹಕ್ಕುಗಳ ಮಸೂದೆಗಾಗಿ ಸೆನೆಟ್ಟಿನ ಜೊತೆ ಗುದ್ದಾಡ್ತಿದ್ದ, ಜುಲೈ 2ರಂದು ಸಹಿಯನ್ನೂ ಹಾಕಿದ. ಸುಳ್ಳು ಕಣ್ಣೀರು ಅಂತ ನಾನು ಹೇಳಲ್ಲ. ನಿಜವಾಗೇ ಮರುಗಿದ. ಮರುಗಿಯೂ ಕಳಿಸಿದ. ಅದೇ ನಮಗೆ ಮುಖ್ಯ.

ಯಾಕೆ ಕಳಿಸಿದ? ಅದೇ ದಿನ ಸೆನೆಟರ್ ರಿಚರ್ಡ್ ರಸೆಲ್‌ಗೆ ಮಾಡಿದ ಫೋನಿನಲ್ಲಿ ಉತ್ತರವಿದೆ. ಓಡಿ ಬಂದ ಅಧ್ಯಕ್ಷನನ್ನು ಪಾರ್ಲಿಮೆಂಟಿನವರು ಕಿತ್ತುಹಾಕ್ತಾರಲ್ವಾ ಅಂತ ಕೇಳ್ತಾನೆ. ನವೆಂಬರಿನಲ್ಲಿ ಚುನಾವಣೆ. (ಈ ರಸೆಲ್ ಯಾರು ಗೊತ್ತಾ? ಕಪ್ಪು ಜನರ ಆ ಮಸೂದೆಗೆ ಅಡ್ಡ ಮಲಗಿದವರ ನಾಯಕ. ಯುದ್ಧದ ಸಲಹೆಗೆ ಮಾತ್ರ ಹಳೇ ಗೆಳೆಯ!)

ಬಂಡಿ ಹಾರ್ವರ್ಡಿನಲ್ಲಿ ಡೀನ್ ಆಗಿದ್ದ ಪಂಡಿತ. ತಾನಾಗಿ ಬರ್ತೀನಿ ಅಂದವರನ್ನ ಮಾತ್ರ ಕಳಿಸಿದ್ರೆ ಹೇಗೆ ಅಂತ ಅವನೇ ಕೇಳಿದ. ಹಾಗಾದ್ರೆ ಯಾರು ಬರ್ತಾರೆ ಅನ್ನೋದು ಜಾನ್ಸನ್ ಅನುಮಾನ. ಅಂದ್ರೆ ಯಾರೂ ಒಪ್ಪಿ ಹೋಗದ ಯುದ್ಧ ಅಂತ ಇಬ್ಬರಿಗೂ ಆವತ್ತೇ ಅಂದಾಜಿತ್ತು.

1965ರ ಮಾರ್ಚಿನಲ್ಲಿ ಸೈನ್ಯ ಡಾ ನಾಂಗ್‌ನಲ್ಲಿ ಇಳಿಯಿತು. 1968ಕ್ಕೆ ಐದು ಲಕ್ಷ ದಾಟಿತು. ಕಾಲೇಜಿನಲ್ಲಿ ಓದುವವನಿಗೆ ಕಡ್ಡಾಯ ಸೇವೆ ಮುಂದಕ್ಕೆ ಹೋಗ್ತಿತ್ತು; ಕಾಲೇಜಿನ ಮೆಟ್ಟಿಲು ಹತ್ತದವನಿಗೆ ಕರೆಯೋಲೆ. ಸಾಲದ್ದಕ್ಕೆ 1966ರಿಂದ ಪರೀಕ್ಷೆಯ ಮಟ್ಟ ಇಳಿಸಿ ಮೂರು ಲಕ್ಷಕ್ಕೂ ಹೆಚ್ಚು ಹುಡುಗರನ್ನು ಸೇರಿಸಿಕೊಂಡರು. ಅವರಲ್ಲಿ ನೂರಕ್ಕೆ ಸುಮಾರು 40 ಜನ ಕಪ್ಪು ಹುಡುಗರು. ಓದಿಸೋಕೆ ಸಿಗದ ಸೀಟು ಸಾಯಿಸೋಕೆ ಸಿಕ್ಕಿತು!

1967ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ಚರ್ಚಿನಲ್ಲಿ ಇದನ್ನೇ ಕೇಳಿದರು. ಒಂದೇ ಶಾಲೆಯಲ್ಲಿ ಕೂರಿಸಲಾರದ ದೇಶಕ್ಕಾಗಿ ಕಪ್ಪು ಬಿಳಿ ಹುಡುಗರು ಒಟ್ಟಿಗೆ ಸಾಯಬೇಕೇ ಅಂತ. ನಿನಗ್ಯಾಕಪ್ಪ ವಿದೇಶಾಂಗ ನೀತಿ, ನಿನ್ನ ಜನರ ಹಕ್ಕು ನೋಡಿಕೋ ಅಂತ ದೊಡ್ಡ ಪತ್ರಿಕೆಗಳು ಬುದ್ಧಿ ಹೇಳಿದವು. ಈ ದನಿ ನಿಮಗೆ ಗುರುತು ಸಿಗ್ತದೆ.

ಬ್ಲ್ಯಾಕ್ ಪ್ಯಾಂಥರ್ ಹುಡುಗರು ಬುದ್ಧಿ ಕೇಳಲಿಲ್ಲ. 1966ರ ಅವರ ಹತ್ತು ಬೇಡಿಕೆಗಳಲ್ಲಿ ಕೆಲಸ, ಮನೆ, ಶಿಕ್ಷಣದ ಜೊತೆಗೇ ಆರನೆಯದು: ಕಪ್ಪು ಗಂಡಸರನ್ನೆಲ್ಲ ಸೈನ್ಯದ ಸೇವೆಯಿಂದ ಬಿಡಿ. ಊಟ ಆದ ಮೇಲೆ ಆ ಹತ್ತನ್ನೂ ಕೂತು ಓದೋಣ.