ಆಣಿ ಹೊಡೆಯದ ಏಳು ಅಂತಸ್ತು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಮರಗೆಲಸದ ಮಾತು ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಿವೃತ್ತನಾದ ವರ್ಷ, ಅಜ್ಜ ಕಟ್ಟಿಸಿದ್ದ ಹಂಚಿನ ಮನೆಯನ್ನು ನಾನೇ ಕೆಡವಿಸಿದೆ. ಹಲಸಿನ ತೊಲೆಗಳನ್ನು ಇಳಿಸಲು ಬಂದ ಆಚಾರಿ ಆಣಿ ಹುಡುಕಿದ, ಒಂದೂ ಸಿಗಲಿಲ್ಲ. ಕೂಡಿಸಿದಲ್ಲೆಲ್ಲ ಮರದ್ದೇ ಬೆಣೆ. "ಅಣ್ಣಾ, ಇದನ್ನು ಒಡೆಯುವುದು ಬೇಡ, ಬಿಚ್ಚಿದರೆ ಸಾಕು" ಎಂದ. ಬಿಚ್ಚಿದ ತೊಲೆಗಳನ್ನು ಬಂದ ಬೆಲೆಗೆ ಮಾರಿಬಿಟ್ಟೆ.

ಆಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಒಂದು ಕಟ್ಟಡದ ಚಿತ್ರ ನೋಡಿದೆ. ಟಾಮೀಡಿಯಾ ಎಂಬ ಪತ್ರಿಕಾ ಸಂಸ್ಥೆಗಾಗಿ 2013ರಲ್ಲಿ ಪೂರ್ತಿಯಾದ ಏಳು ಅಂತಸ್ತಿನ ಕಚೇರಿ ಅದು. ವಿನ್ಯಾಸ ಜಪಾನಿನ ಶಿಗೆರು ಬಾನ್ ಅವರದು. ಗಾಜಿನ ಹಿಂದೆ ಕಾಣುವ ಕಂಬ, ತೊಲೆಗಳೆಲ್ಲ ಸ್ಪ್ರೂಸ್ ಮರದವು. ಸುಮಾರು 2,000 ಘನ ಮೀಟರ್ ಮರ. ಹಲಗೆಗಳನ್ನು ಅಂಟಿಸಿ ದಪ್ಪ ತೊಲೆ ಮಾಡಿದ್ದಾರೆ. ಅವುಗಳ ಜೋಡಣೆಗೆ ಕಬ್ಬಿಣವಿಲ್ಲ, ಬೀಚ್ ಮರದ ಬೆಣೆ! ನಮ್ಮಜ್ಜನ ಮನೆಯ ನೆನಪಾಯಿತು.

ಬೆಂಕಿ ಬಿದ್ದರೆ? ದಪ್ಪ ತೊಲೆ ಪುರಲೆಯಂತೆ ಭಗ್ಗೆಂದು ಉರಿಯುವುದಿಲ್ಲ. ಹೊರಮೈ ಕರಿಗಟ್ಟಿ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ತಿರುಳನ್ನು ಬಹಳ ಹೊತ್ತು ಕಾಯುತ್ತದೆ. ಅದನ್ನು ಲೆಕ್ಕ ಹಾಕಿಯೇ ತೊಲೆಯ ದಪ್ಪ ನಿರ್ಧರಿಸುತ್ತಾರೆ.

ಇನ್ನೊಂದು ಲಾಭವನ್ನು ನಮ್ಮ ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಮರ ಅದನ್ನು ಗಾಳಿಯಿಂದ ಪಡೆದದ್ದು. ತೊಲೆ ಉಳಿದಿರುವಷ್ಟು ಕಾಲ ಅದು ಠೇವಣಿ. ಸಿಮೆಂಟಿಗಾದರೋ ಸುಣ್ಣಕಲ್ಲು ಸುಡಬೇಕು. ಸುಟ್ಟಾಗ ಇಂಗಾಲಾಮ್ಲ ಹೊರಬೀಳುತ್ತದೆ. ಆದರೆ ಠೇವಣಿಯ ನಿಯಮ ಇಲ್ಲಿಯೂ ಇದೆ: ಬಡ್ಡಿಯನ್ನಷ್ಟೇ ತೆಗೆಯಬೇಕು. ಕಾಡು ಬೆಳೆಯುವುದಕ್ಕಿಂತ ಹೆಚ್ಚು ಕಡಿದರೆ ಅಸಲೇ ಕರಗುತ್ತದೆ.

ನಮ್ಮ ಮಳೆ, ಗೆದ್ದಲಿನ ನಡುವೆ ಜ್ಯೂರಿಕ್ಕಿನ ಕಟ್ಟಡವನ್ನು ಹಾಗೆಯೇ ತಂದು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಹಳೆಯ ಮನೆ ಬಿಚ್ಚುವವರು ಒಂದು ಕೆಲಸ ಮಾಡಿ. ಮೊದಲು ಆಚಾರಿಯನ್ನು ಕರೆದು ತೋರಿಸಿ. ಪ್ರತಿ ತೊಲೆಗೂ ನಂಬರು ಬರೆಯಿಸಿ, ಮಳೆ ತಾಗದಲ್ಲಿ ನೆಲದಿಂದ ಎತ್ತರಿಸಿ ಇಡಿ. ಹೊಸ ಮನೆಗೋ ಊರಿನ ವಾಚನಾಲಯಕ್ಕೋ ಅವು ಆದಾವು.

ನಾನು ಮೂವತ್ತು ವರ್ಷ ಬೇರೆಯವರ ಠೇವಣಿ ಕಾಯ್ದೆ. ಅಜ್ಜ ನನಗೆಂದು ಇಟ್ಟಿದ್ದು ಠೇವಣಿ ಎಂದು ತಿಳಿಯುವಾಗ ಅದು ಲಾರಿ ಹತ್ತಿ ಹೋಗಿತ್ತು. ನಿಮಗೆ ಹಾಗಾಗದಿರಲಿ.