ಕಥೆ ಹೇಳಿರಿ, ಕಾರಣವನ್ನೂ ಕೇಳಿರಿ

(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಕ್ಕಳಿಗೆ ಕಥೆ ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ಅಜ್ಜಿ ಹೇಳುತ್ತಾರೆ, ತಾಯಿ ಹೇಳುತ್ತಾರೆ, ಮದ್ರಸದ ಉಸ್ತಾದರು ಹೇಳುತ್ತಾರೆ. ಕಥೆ ಮುಗಿದ ಕೂಡಲೇ ನಾವು ಮಕ್ಕಳನ್ನು ಕೇಳುವ ಪ್ರಶ್ನೆ ಒಂದೇ: "ಈ ಕಥೆಯ ನೀತಿ ಏನು?" ಮಗು ಕಂಠಪಾಠ ಮಾಡಿದ ಉತ್ತರವನ್ನು ಒಪ್ಪಿಸುತ್ತದೆ, ನಾವು ಸಂತೃಪ್ತರಾಗುತ್ತೇವೆ. ಆದರೆ ಘಟನೆಗೂ ನೀತಿಗೂ ನಡುವೆ ಇನ್ನೊಂದು ಮೆಟ್ಟಿಲಿದೆ. ಅದೇ ಕಾರಣ. ಇದು ಏಕೆ ಸಂಭವಿಸಿತು? ಇದರಿಂದ ಏನಾಯಿತು? ಈ ಮೆಟ್ಟಿಲನ್ನು ಹಾರಿ ನೀತಿಯನ್ನು ತಲುಪಿದ ಮಗುವಿನ ಬಳಿ ಒಂದು ಘೋಷಣೆ ಇರುತ್ತದೆ, ವಿವೇಚನೆ ಇರುವುದಿಲ್ಲ.

ಚಿಕ್ಕ ಮಕ್ಕಳು ಕಥೆ ಹೇಳುವುದನ್ನು ಗಮನಿಸಿರಿ. "ಆಮೇಲೆ ಸಿಂಹ ಬಂತು, ಆಮೇಲೆ ಮೊಲ ಓಡಿತು, ಆಮೇಲೆ ಸಿಂಹ ಬಾವಿಗೆ ಬಿತ್ತು." ಎಲ್ಲವೂ 'ಆಮೇಲೆ'. ಘಟನೆಗಳು ಸಾಲಾಗಿ ನಿಂತಿವೆ, ಆದರೆ ಒಂದರ ಕೈಯನ್ನು ಇನ್ನೊಂದು ಹಿಡಿದಿಲ್ಲ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ (1896-1980) ಸಣ್ಣ ಮಕ್ಕಳು 'ಏಕೆಂದರೆ' ಎಂಬ ಪದವನ್ನು ತಲೆಕೆಳಗಾಗಿ ಬಳಸುವುದನ್ನು ಗುರುತಿಸಿದ್ದರು. ಸೈಕಲಿನಿಂದ ಬಿದ್ದುದಕ್ಕೆ ಕೈ ಮುರಿಯಿತು ಎನ್ನುವ ಬದಲು, ಕೈ ಮುರಿದುದಕ್ಕೆ ಬಿದ್ದ ಎಂದು ಮಗು ಹೇಳುವುದುಂಟು. ಇದು ದಡ್ಡತನವಲ್ಲ, ಬೆಳವಣಿಗೆಯ ಒಂದು ಹಂತ. ಮಗುವನ್ನು 'ಆಮೇಲೆ'ಯಿಂದ 'ಆದ್ದರಿಂದ'ದ ಕಡೆಗೆ ಕೈ ಹಿಡಿದು ನಡೆಸುವ ಹೊಣೆ ನಮ್ಮದು. ಮನೆಯಲ್ಲಿ ಬ್ಯಾರಿ ಇರಲಿ, ಉರ್ದು ಇರಲಿ, ನವಾಯತಿ ಇರಲಿ, ಕನ್ನಡವೇ ಇರಲಿ, ಕಾರಣವನ್ನು ಹೇಳುವ ಪದಗಳು ಎಲ್ಲ ಭಾಷೆಗಳಲ್ಲೂ ಇವೆ. ಅವುಗಳನ್ನು ಮಗುವಿನ ನಾಲಿಗೆಗೆ ತರಬೇಕು, ಅಷ್ಟೆ.

ನಮ್ಮೆಲ್ಲರಿಗೂ ಪರಿಚಿತವಾದ ಯೂಸುಫ್(ಅ)ರ ಕಥೆಯನ್ನೇ ತೆಗೆದುಕೊಳ್ಳಿರಿ. "ಸಹೋದರರು ಅವರನ್ನು ಬಾವಿಗೆ ಏಕೆ ಹಾಕಿದರು?" ಎಂದು ಕೇಳಿದರೆ ಹೆಚ್ಚಿನ ಮಕ್ಕಳು, "ಅವರು ಕೆಟ್ಟವರು" ಎನ್ನುತ್ತಾರೆ. ಕೆಟ್ಟವರು ಎಂಬುದು ಹಣೆಪಟ್ಟಿ, ಕಾರಣವಲ್ಲ. ತಂದೆ ಯೂಸುಫ್ ಮತ್ತು ಅವರ ತಮ್ಮನನ್ನೇ ಹೆಚ್ಚು ಪ್ರೀತಿಸುತ್ತಾರೆಂಬ ಭಾವನೆ ಆ ಸಹೋದರರಲ್ಲಿತ್ತು. ಆ ಭಾವನೆ ಅಸೂಯೆಯಾಯಿತು, ಅಸೂಯೆ ಒಳಸಂಚಾಯಿತು, ಒಳಸಂಚು ಬಾವಿಯ ತನಕ ಹೋಯಿತು. ಈ ಸರಪಣಿಯನ್ನು ಗುರುತಿಸಿದ ಮಗು, ತನ್ನ ತಂಗಿಯ ಬಗ್ಗೆ ತನ್ನೊಳಗೇ ಮೂಡುವ ಅಸೂಯೆಯನ್ನು ಮೊದಲ ಕೊಂಡಿಯಲ್ಲೇ ಗುರುತಿಸಬಲ್ಲದು. ಜೊತೆಗೆ ಇನ್ನೊಂದು ಮಾತನ್ನೂ ಕಲಿಸಬೇಕು. ಕಾರಣ ತಿಳಿಯಿತೆಂದ ಮಾತ್ರಕ್ಕೆ ಕೃತ್ಯ ಸಮರ್ಥನೀಯವಾಗುವುದಿಲ್ಲ. ಅಸೂಯೆ ಏಕೆ ಬಂತೆಂಬುದು ಅರ್ಥವಾಗುತ್ತದೆ, ಆದರೆ ಬಾವಿಗೆ ಹಾಕಿದ್ದು ಅಪರಾಧವೇ.

ಅದೇ ಕಥೆಯಲ್ಲಿ ಎರಡು ಅಂಗಿಗಳಿವೆ. ಮೊದಲನೆಯದು ಸುಳ್ಳು ರಕ್ತ ಹಚ್ಚಿದ ಅಂಗಿ. ತೋಳ ತಿಂದಿದ್ದರೆ ಅಂಗಿ ಹರಿಯದೆ ಉಳಿದದ್ದು ಹೇಗೆ ಎಂದು ವ್ಯಾಖ್ಯಾನಕಾರರು ಪ್ರಶ್ನಿಸಿದ್ದಾರೆ. ಎರಡನೆಯದು ಈಜಿಪ್ಟಿನ ಅಧಿಕಾರಿಯ ಮನೆಯಲ್ಲಿ ಹರಿದ ಅಂಗಿ. ಮುಂಭಾಗದಿಂದ ಹರಿದಿದ್ದರೆ ಆಕೆ ಹೇಳುವುದು ಸತ್ಯ, ಹಿಂಭಾಗದಿಂದ ಹರಿದಿದ್ದರೆ ಯೂಸುಫ್ ಸತ್ಯವಂತರು ಎಂಬ ಮಾನದಂಡವನ್ನು ಆಕೆಯ ಕುಟುಂಬದವನೇ ಮುಂದಿಟ್ಟ. ಅಂಗಿ ಹಿಂಭಾಗದಿಂದ ಹರಿದಿತ್ತು. ಪರಿಣಾಮವನ್ನು ನೋಡಿ ಕಾರಣದ ಕಡೆಗೆ ಹಿಂದಿರುಗಿ ನಡೆಯುವ ವಿಧಾನ ಇದು. ಎಂಟು ವರ್ಷದ ಮಗುವಿಗೆ ಒಂದು ಹಳೆಯ ಅಂಗಿಯನ್ನು ತೋರಿಸಿ ಇದನ್ನು ಅರ್ಥ ಮಾಡಿಸಬಹುದು.

ಇನ್ನೊಂದು ಕಥೆ ನಮ್ಮ ನೆಲದ್ದು. ಪಂಚತಂತ್ರದ ಸಿಂಹ ಮತ್ತು ಎತ್ತಿನ ಕಥೆ. ಕನ್ನಡದಲ್ಲಿ ಇದನ್ನು ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಬರೆದ. ಭಾರತದಿಂದ ಪರ್ಷಿಯಾಕ್ಕೆ ಹೋದ ಈ ಕಥೆಗಳನ್ನು ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಅ್ ಪಹ್ಲವಿ ಭಾಷೆಯಿಂದ ಅರಬಿಗೆ ತಂದರು. ಅಲ್ಲಿ ಕೃತಿಯ ಹೆಸರು 'ಕಲೀಲ ವ ದಿಮ್ನ'. ನಮ್ಮ ಕರಟಕ ಮತ್ತು ದಮನಕರೇ ಅಲ್ಲಿ ಕಲೀಲ ಮತ್ತು ದಿಮ್ನ. ಸಿಂಹಕ್ಕೂ ಎತ್ತಿಗೂ ಗಾಢ ಸ್ನೇಹವಿತ್ತು. ದಮನಕ ನರಿ ಸಿಂಹದ ಬಳಿ ಹೋಗಿ, ಎತ್ತು ನಿನ್ನ ಸಿಂಹಾಸನಕ್ಕೆ ಹೊಂಚು ಹಾಕುತ್ತಿದೆ ಎಂದಿತು. ಎತ್ತಿನ ಬಳಿ ಹೋಗಿ, ಸಿಂಹ ನಿನ್ನನ್ನು ಕೊಲ್ಲಲಿದೆ ಎಂದಿತು. ಭೇಟಿಯಾದಾಗ ಎರಡೂ ಹೆದರಿ ಮೈ ಬಿಗಿದು ನಿಂತವು. ಒಂದರ ಭಯ ಇನ್ನೊಂದಕ್ಕೆ ದ್ವೇಷದ ಸಾಕ್ಷ್ಯವಾಗಿ ಕಂಡಿತು. ಎತ್ತು ಸತ್ತಿತು.

ಎತ್ತಿನ ಸಾವಿಗೆ ಕಾರಣ ಯಾರು ಎಂದು ಮಕ್ಕಳನ್ನು ಕೇಳಿರಿ. ಪಂಜ ಸಿಂಹದ್ದು. ಸುಳ್ಳು ನರಿಯದ್ದು. ವಿಚಾರಿಸದೆ ನಂಬಿದ ತಪ್ಪು ಇಬ್ಬರದ್ದೂ. ಒಂದು ಪರಿಣಾಮಕ್ಕೆ ಹಲವು ಕಾರಣಗಳಿರಬಹುದು, ಹತ್ತಿರದ ಕಾರಣ ಬೇರೆ, ಮೂಲ ಕಾರಣ ಬೇರೆ ಎಂಬುದನ್ನು ಕಲಿಸಲು ಇದಕ್ಕಿಂತ ಉತ್ತಮ ಕಥೆ ದುರ್ಲಭ. ಸಂಸ್ಕೃತದ ಪಂಚತಂತ್ರದಲ್ಲಿ ದಮನಕನಿಗೆ ಶಿಕ್ಷೆಯಾಗುವುದಿಲ್ಲ. ಅರಬಿ ಕೃತಿಯಲ್ಲಿ ಮಾತ್ರ ದಿಮ್ನನ ವಿಚಾರಣೆಯ ಒಂದು ಅಧ್ಯಾಯವೇ ಸೇರಿಕೊಂಡಿದೆ. ಸಾಕ್ಷಿಗಳು ನುಡಿಯುತ್ತವೆ, ಸುಳ್ಳು ಹಬ್ಬಿಸಿದವನಿಗೆ ಶಿಕ್ಷೆಯಾಗುತ್ತದೆ. ಪಂಜ ಎತ್ತದವನೂ ಹೊಣೆಗಾರನಾಗಬಲ್ಲ ಎಂಬ ನ್ಯಾಯಪ್ರಜ್ಞೆ ಅಲ್ಲಿದೆ.

ಇನ್ನು, ಒಂದರ ಬೆನ್ನಿಗೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣವೆಂದು ಭಾವಿಸುವ ದೌರ್ಬಲ್ಯ ದೊಡ್ಡವರಲ್ಲೂ ಇದೆ. ನಮ್ಮ ಹಿರಿಯರು ಇದಕ್ಕೆ ಕಾಕತಾಳೀಯ ಎಂದು ಹೆಸರಿಟ್ಟರು. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು. ಕಾಗೆ ಬೀಳಿಸಿತೇ? ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕಾಗಿಯೇ ಗ್ರಹಣವಾಯಿತೆಂದು ಜನರು ಆಡಿಕೊಂಡರು. ತನ್ನ ಮನೆತನದ ಮಹಿಮೆಯನ್ನು ಹೆಚ್ಚಿಸುವಂತಿದ್ದ ಆ ಮಾತನ್ನು ಪ್ರವಾದಿ(ಸ) ಒಪ್ಪಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳು, ಯಾರದೇ ಹುಟ್ಟು ಸಾವುಗಳಿಗಾಗಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಪುತ್ರಶೋಕದ ಆ ಗಳಿಗೆಯಲ್ಲೂ ತಪ್ಪು ಕಾರಣವನ್ನು ತಿದ್ದಿದ ಈ ಘಟನೆಯನ್ನು ನಮ್ಮ ಮಕ್ಕಳು ತಿಳಿದಿರಲೇಬೇಕು.

ಇಷ್ಟೊಂದು ಒತ್ತು ಏಕೆ ಎಂದು ತಾವು ಕೇಳಬಹುದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದುದನ್ನು ನೆನಪಿಸಿಕೊಳ್ಳಿರಿ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಗುಂಪಿನಲ್ಲೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರ ಬಗ್ಗೆ ಮೊಬೈಲಿನಲ್ಲಿ ವದಂತಿಗಳು ಹರಿದಾಡುತ್ತಿದ್ದ ದಿನಗಳವು. ಚಾಕೊಲೇಟ್ ಕೊಟ್ಟರು, ಆದ್ದರಿಂದ ಮಕ್ಕಳ ಕಳ್ಳರು ಎಂದು ಜನ ತೀರ್ಮಾನಿಸಿದರು. ವಾಟ್ಸಾಪ್ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಗುಂಪು ಹಲ್ಲೆಗೆ ಒಬ್ಬ ಯುವಕ ಬಲಿಯಾದ, ಉಳಿದವರು ಗಾಯಗೊಂಡರು. ಒಂದು ತಪ್ಪು 'ಆದ್ದರಿಂದ' ಒಂದು ಜೀವವನ್ನು ತೆಗೆಯಿತು. ಸಂದೇಶವನ್ನು ಮುಂದಕ್ಕೆ ಕಳುಹಿಸಿದವರು ಕೈ ಎತ್ತಿರಲಾರರು. ಆದರೆ ದಮನಕನೂ ಕೈ ಎತ್ತಿರಲಿಲ್ಲ.

ಸಮುದಾಯದ ಬಗ್ಗೆಯೂ ಇಂತಹ ತಪ್ಪು ಕಾರಣಗಳನ್ನು ಕಟ್ಟಲಾಗುತ್ತದೆ. ಮಕ್ಕಳೆಲ್ಲ ಮದ್ರಸಗಳಿಗೆ ಹೋಗುವುದರಿಂದಲೇ ಮುಸ್ಲಿಮರು ಶಿಕ್ಷಣದಲ್ಲಿ ಹಿಂದುಳಿದಿದ್ದಾರೆಂದು ವರ್ಷಗಟ್ಟಲೆ ಹೇಳಲಾಯಿತು. 2006ರ ಸಾಚಾರ್ ಸಮಿತಿಯ ವರದಿ, ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಸುಮಾರು ಶೇ. 3 ಮಾತ್ರ ಎಂದು ತೋರಿಸಿತು. ಅದೇ ವರದಿ, 6ರಿಂದ 14 ವರ್ಷದವರಲ್ಲಿ ಶೇ. 25ರಷ್ಟು ಮಕ್ಕಳು ಶಾಲೆಗೆ ಹೋಗಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದೂ ಹೇಳಿತು. ಮೊದಲ ಅಂಕಿಯನ್ನು ಮಾತ್ರ ಉಲ್ಲೇಖಿಸಿ ಸಮಾಧಾನಪಟ್ಟರೆ ಸಾಲದು. ಬಡತನ, ಶಾಲೆಯ ದೂರ, ವ್ಯವಸ್ಥೆಯ ನಿರ್ಲಕ್ಷ್ಯ ಇವೆಲ್ಲವನ್ನೂ ಕೇಳಬೇಕು, ನಮ್ಮ ಬೀದಿಯ ಹುಡುಗ ಎಂಟನೆಯ ತರಗತಿಗೆ ಏಕೆ ಶಾಲೆ ಬಿಟ್ಟ ಎಂದು ನಮ್ಮನ್ನೂ ಕೇಳಿಕೊಳ್ಳಬೇಕು.

ಮಗು ಹೊಸ್ತಿಲು ಎಡವಿ ಬಿದ್ದು ಅತ್ತಾಗ ನಾವೇನು ಮಾಡುತ್ತೇವೆ? ಹೊಸ್ತಿಲಿಗೆ ಎರಡು ಏಟು ಕೊಟ್ಟು ಸಂತೈಸುತ್ತೇವೆ. ಅಳು ನಿಲ್ಲುತ್ತದೆ, ಆದರೆ ನೋವಾದಾಗ ಇನ್ನೊಬ್ಬರಿಗೆ ಹೊಡೆಯಬೇಕೆಂಬ ಪಾಠ ಉಳಿಯುತ್ತದೆ. "ಓಡುವಾಗ ಕೆಳಗೆ ನೋಡಲಿಲ್ಲ, ಅಲ್ಲವೇ ಮಗೂ?" ಎಂದು ಮೃದುವಾಗಿ ಕೇಳಿದರೆ ಅಳುವೂ ನಿಲ್ಲುತ್ತದೆ, ಅರಿವೂ ಮೂಡುತ್ತದೆ.

ಆದುದರಿಂದ ಕಥೆ ಹೇಳುವಾಗ ನಾಲ್ಕು ಪ್ರಶ್ನೆಗಳನ್ನು ರೂಢಿಸಿಕೊಳ್ಳಿರಿ. ಇದು ಏಕೆ ನಡೆಯಿತು? ಇದು ನಡೆಯದಿರುತ್ತಿದ್ದರೆ ಮುಂದೆ ಏನಾಗುತ್ತಿತ್ತು? ಬೇರೆ ಕಾರಣವೂ ಇರಬಹುದೇ? ನಿನಗೆ ಹೇಗೆ ಗೊತ್ತಾಯಿತು? ಎಲ್ಲವನ್ನೂ ಒಂದೇ ರಾತ್ರಿ ಕೇಳಿ ಕಥೆಯನ್ನು ಪರೀಕ್ಷೆಯನ್ನಾಗಿ ಮಾಡಬೇಡಿರಿ. ಒಂದು ಕಥೆಗೆ ಒಂದು ಪ್ರಶ್ನೆ ಸಾಕು. ಐದು ವರ್ಷದವನಿಗೆ ಮೊದಲನೆಯದು, ಹತ್ತು ವರ್ಷದವಳಿಗೆ ನಾಲ್ಕನೆಯದು. ಉತ್ತರ ತಪ್ಪಾದರೆ ಗದರದೆ, ಕಥೆಯ ಆ ಭಾಗವನ್ನು ಮತ್ತೊಮ್ಮೆ ಹೇಳಿರಿ. ಮಗು ಮರುಪ್ರಶ್ನೆ ಹಾಕಿದರೆ ಅದನ್ನು ಅಧಿಕಪ್ರಸಂಗವೆಂದು ಬಾಯಿ ಮುಚ್ಚಿಸದಿರಿ.

ಈ ಮಕ್ಕಳ ಕೈಗೆ ನಾಳೆ ಮೊಬೈಲ್ ಬರುತ್ತದೆ, ಮತಪತ್ರ ಬರುತ್ತದೆ. ಪ್ರಚೋದಿಸುವ ಒಂದು ಸಂದೇಶವೂ ಬಂದೇ ಬರುತ್ತದೆ. ಅದನ್ನು ಮುಂದಕ್ಕೆ ತಳ್ಳುವ ಮುನ್ನ "ನಿನಗೆ ಹೇಗೆ ಗೊತ್ತು?" ಎಂದು ಕೇಳುವ ಅಭ್ಯಾಸ ಅವರಲ್ಲಿರಬೇಕಾದರೆ, ಅದನ್ನು ಇಂದು ರಾತ್ರಿಯ ಕಥೆಯಲ್ಲಿಯೇ ಆರಂಭಿಸಬೇಕು. ಅಲ್ಲಾಹನು ನಮ್ಮೆಲ್ಲರ ಪ್ರಯತ್ನಗಳನ್ನು ಸಫಲಗೊಳಿಸಲಿ.